ಕೊಲೆಗಾರ ಕೋಶಕ್ಕೂ ಸುದ್ದಿ ಮುಟ್ಟಬೇಕು

1975ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ರೋಲ್ಫ್ ಕೀಸ್ಲಿಂಗ್ ಮತ್ತು ಜೊತೆಗಾರರು ಇಲಿಗಳಲ್ಲಿ ಒಂದು ವಿಚಿತ್ರ ಬಿಳಿ ರಕ್ತಕಣವನ್ನು ಗುರುತಿಸಿದರು. ಹಿಂದೆಂದೂ ಕಂಡಿರದ ಕ್ಯಾನ್ಸರ್ ಕೋಶವನ್ನೂ ಅದು ಕೊಂದು ಹಾಕುತ್ತಿತ್ತು. ಹಾಗಾಗಿ 'ನ್ಯಾಚುರಲ್ ಕಿಲ್ಲರ್' ಎಂಬ ಹೆಸರು ಬಂತು. ಚಿಕ್ಕದಾಗಿ ಎನ್‌ಕೆ.

ಹೆಸರು ಕೇಳಿದರೆ ಸದಾ ಮಚ್ಚು ಝಳಪಿಸುತ್ತಿರುತ್ತದೆ ಅನಿಸುತ್ತದೆ, ಅಲ್ವಾ? ನಮ್ಮ ರಕ್ತದ ಎನ್‌ಕೆ ಕೋಶ ಅಷ್ಟೇನೂ ಮುಂಗೋಪಿಯಲ್ಲ. ಮಚ್ಚು ಸೊಂಟದಲ್ಲೇ ಇರುತ್ತದೆ, ನಿಜ. ಆದರೆ ಅದರ ಪೂರ್ತಿ ಕಸುವು ಹೊರಬರಲು ಬೇರೆ ಕೋಶಗಳು ಸುದ್ದಿ ಮುಟ್ಟಿಸಬೇಕು. ಈ ಸುದ್ದಿ ಒಯ್ಯುವ ಪ್ರೋಟೀನುಗಳೇ ಸೈಟೊಕೈನ್‌ಗಳು. ಅವುಗಳ ಹೆಸರು ಮಾತ್ರ ಸಿಟಿ ಬಸ್ಸಿನ ನಂಬರಿನ ಹಾಗೆ: ಇಂಟರ್‌ಲ್ಯೂಕಿನ್-12, 15, 18.

ಸೋಂಕು ತಗುಲಿದಾಗ, ಮೈಯ ಕಾವಲುಗಾರರಾದ ಡೆಂಡ್ರೈಟಿಕ್ ಕೋಶಗಳು ಇಂಟರ್‌ಲ್ಯೂಕಿನ್-12 ಬಿಡುತ್ತವೆ. ಅದು ಎನ್‌ಕೆ ಕೋಶದ ಮೈಮೇಲಿನ ಗ್ರಾಹಕಕ್ಕೆ ಅಂಟುತ್ತದೆ. ಆಗ ಒಳಗಿರುವ ಸ್ಟ್ಯಾಟ್-4 ಎಂಬ ಪ್ರೋಟೀನು ಎಚ್ಚೆತ್ತು, ಕೋಶಕೇಂದ್ರಕ್ಕೆ ಹೋಗಿ, ಇಂಟರ್‌ಫೆರಾನ್-ಗಾಮಾ (ಉಳಿದ ರಕ್ಷಣಾ ಕೋಶಗಳನ್ನು ಹುರಿದುಂಬಿಸುವ ಪ್ರೋಟೀನು) ತಯಾರಿಸುವ ಜೀನನ್ನು ಚಾಲೂ ಮಾಡುತ್ತದೆ. 18 ಇನ್ನೊಂದು ದಾರಿಯಿಂದ ಒಳಗೆ ಸಂದೇಶ ಕಳಿಸುತ್ತದೆ. ಎರಡೂ ಒಟ್ಟಿಗೆ ಬಂದರೆ ಒಂದಕ್ಕೊಂದು ಸೇರಿ ಎರಡಾಗುವುದಿಲ್ಲ, ಇಂಟರ್‌ಫೆರಾನ್ ಅದಕ್ಕಿಂತ ಎಷ್ಟೋ ಜಾಸ್ತಿ ಹರಿಯುತ್ತದೆ. ಒಬ್ಬನೇ ಹೇಳಿದ ಸುದ್ದಿ ಗಾಳಿಮಾತಿರಬಹುದು; ಇಬ್ಬರು ಬೇರೆ ಬೇರೆ ಕಡೆಯಿಂದ ಬಂದು ಹೇಳಿದರೆ ನಂಬಲೇಬೇಕು.

ನನಗೆ ಜಾಸ್ತಿ ಇಷ್ಟವಾದದ್ದು 15ರ ವರಸೆ. ಅದನ್ನು ಮಾಡಿದ ಕೋಶ ಸಾಮಾನ್ಯವಾಗಿ ಸುಮ್ನೆ ರಕ್ತಕ್ಕೆ ಬಿಟ್ಟುಬಿಡುವುದಿಲ್ಲ. ತನ್ನ ಮೈಮೇಲೆಯೇ ಹಿಡಿದುಕೊಂಡು, ಪಕ್ಕಕ್ಕೆ ಬಂದ ಎನ್‌ಕೆ ಕೋಶಕ್ಕೆ ಕೈಯಾರೆ ತೋರಿಸುತ್ತದೆ. ಎನ್‌ಕೆ ಕೋಶ ಬದುಕಿ ಉಳಿಯುವುದಕ್ಕೂ ಈ 15 ಬೇಕು.

ಸುದ್ದಿ ಅತಿಯಾದರೂ ಕಷ್ಟವೇ. ಕ್ಯಾನ್ಸರ್ ರೋಗಿಗಳಿಗೆ ಇದೇ ಬಗೆಯ ಇನ್ನೊಂದು ಸುದ್ದಿಗಾರ ಇಂಟರ್‌ಲ್ಯೂಕಿನ್-2 ಅನ್ನು ಭಾರೀ ಪ್ರಮಾಣದಲ್ಲಿ ಕೊಟ್ಟಾಗ ಸಣ್ಣ ರಕ್ತನಾಳಗಳಿಂದ ನೀರು ಸೋರಿ, ರಕ್ತದೊತ್ತಡ ಕುಸಿಯುತ್ತಿತ್ತು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಬೇರೆ ಉಪಾಯ ಹುಡುಕಿದರು. ದಾನಿಯ ಎನ್‌ಕೆ ಕೋಶಗಳನ್ನು ದೇಹದ ಹೊರಗೇ, ಒಂದು ರಾತ್ರಿ 12, 15, 18 ಮೂರರಲ್ಲೂ ನೆನೆಸಿಟ್ಟರು, ಇಡ್ಲಿಗೆ ಉದ್ದು ನೆನೆಹಾಕಿದ ಹಾಗೆ. ತೊಳೆದು ತೆಗೆದ ಮೇಲೂ ಆ ಕೋಶಗಳು ಸುದ್ದಿ ಮರೆಯಲಿಲ್ಲ. ವಾರಗಟ್ಟಲೆ ಕಳೆದು ಮತ್ತೆ ಕೆಣಕಿದರೂ ಮೊದಲಿಗಿಂತ ಜೋರಾಗಿ ಎರಗಿದವು. 2016ರಲ್ಲಿ ಪ್ರಕಟವಾದ ಅವರ ಮೊದಲ ಪ್ರಯೋಗದಲ್ಲಿ, ಒಂದು ಬಗೆಯ ತೀವ್ರ ರಕ್ತಕ್ಯಾನ್ಸರ್ ಇದ್ದ 9 ರೋಗಿಗಳ ಫಲಿತಾಂಶ ಅಳೆಯಲು ಸಾಧ್ಯವಾಯಿತು. 5 ಮಂದಿಯಲ್ಲಿ ಚಿಕಿತ್ಸೆ ಕೆಲಸ ಮಾಡಿತ್ತು. ಅವರಲ್ಲಿ 4 ಮಂದಿಯ ಕ್ಯಾನ್ಸರ್ ಪೂರ್ತಿ ಹಿಮ್ಮೆಟ್ಟಿತ್ತು.