ಗಪ್ಪಿ ಮರಿಗಳ ಬೆನ್ನು ಗೂನಾಗಿದೆ, ಬೋರ್ ನೀರಿನದೇ ತಪ್ಪಾ?

ಪ್ರಶ್ನೆ: ನಮ್ಮದು ಬಂಗಾರಪೇಟೆ. ಎರಡು ವರ್ಷದ ಹಿಂದೆ ಎರಡು ಜೊತೆ ಗಪ್ಪಿ ಮೀನು ತಂದು ಟ್ಯಾಂಕಿಗೆ ಬಿಟ್ಟೆವು. ಈಗ ಎಣಿಸೋಕಾಗದಷ್ಟಿವೆ. ಆದರೆ ಈಚೆಗೆ ಹುಟ್ಟಿದ ಮರಿಗಳಲ್ಲಿ ಏಳೆಂಟಕ್ಕೆ ಬೆನ್ನು ಗೂನಾಗಿದೆ. ಒಂದಂತೂ ಹಾವಿನ ಹಾಗೆ ಎರಡು ಕಡೆ ತಿರುಚಿಕೊಂಡಿದೆ. ಮನೆಯಲ್ಲಿ ಎಲ್ಲರೂ ಬೋರ್ ನೀರಿನ ಫ್ಲೋರೈಡ್ ಅಂತಾರೆ. ಹೌದಾ? ಉಳಿದ ಮೀನಿಗೂ ಹರಡುತ್ತಾ?

ಉತ್ತರ: ಕೋಲಾರದ ಕಡೆಯವರಿಗೆ ಮೊದಲು ಫ್ಲೋರೈಡ್ ನೆನಪಾಗುವುದು ಸಹಜವೇ. ಹಲ್ಲಿನ ಮೇಲೆ ಕಂದು ಕಲೆ, ಬಗ್ಗಿದ ಮಂಡಿ, ಇದನ್ನೆಲ್ಲ ಕಣ್ಣಾರೆ ನೋಡಿದ ಊರುಗಳಿವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಇಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ದಾಟಿದೆ. ಆದರೂ ನಿಮ್ಮ ಟ್ಯಾಂಕಿನ ವಿಷಯದಲ್ಲಿ ನಾನು ನೀರನ್ನು ಬೈಯಲಾರೆ. ನೀರು ಕೆಟ್ಟಿದ್ದರೆ ದೊಡ್ಡದು, ಚಿಕ್ಕದು ಅಂತ ನೋಡದೆ ಎಲ್ಲ ಮೀನಿಗೂ ತಟ್ಟಬೇಕಿತ್ತು. ನಿಮ್ಮಲ್ಲಿ ಗೂನಾಗಿರುವುದು ಕೆಲವೇ ಮರಿಗಳು. ಅದೇ ಸೂಲಿನ ಉಳಿದ ಮರಿಗಳು ಅದೇ ನೀರಿನಲ್ಲಿ ನೆಟ್ಟಗಿವೆ.

ನನ್ನ ಅನುಮಾನ ನೀವೇ ಬರೆದ ಎರಡು ಮಾತಿನ ಮೇಲೆ: 'ಎರಡು ಜೊತೆ', 'ಎರಡು ವರ್ಷ'. ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹೆಚ್ಚು ಕಡಿಮೆ ತಿಂಗಳಿಗೊಂದು ಸೂಲು. ಆ ಮರಿಗಳು ಎರಡು ಮೂರು ತಿಂಗಳಿಗೆಲ್ಲ ತಾವೇ ಅಪ್ಪ ಅಮ್ಮ ಆಗುತ್ತವೆ. ಎರಡು ವರ್ಷದಲ್ಲಿ ಆರೇಳು ತಲೆಮಾರು ಕಳೆದಿವೆ ಅನ್ನಿ. ಅಷ್ಟೂ ನಡೆದಿದ್ದು ಅಣ್ಣ ತಂಗಿ, ಅಪ್ಪ ಮಗಳ ನಡುವೆ. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವಾಗಲೇ ಡಾಕ್ಟರು ಮುಖ ಸಿಂಡರಿಸುತ್ತಾರೆ. ಇದು ಅದಕ್ಕಿಂತ ಎಷ್ಟೋ ಹತ್ತಿರದ ಸಂಬಂಧ. ಒಳಗೆ ಅಡಗಿದ್ದ ದೋಷ ಎರಡೂ ಕಡೆಯಿಂದ ಒಂದೇ ಮರಿಗೆ ಬಂದಾಗ ಹೊರಗೆ ಕಾಣಿಸಿಕೊಳ್ಳುತ್ತದೆ.

ಗಪ್ಪಿಗಳಲ್ಲಿ ಬೆನ್ನು ಡೊಂಕು ವಂಶದಲ್ಲಿ ಇಳಿದು ಬರುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ಸಂಗತಿ. ಅಂಥ ಒಂದು ವಂಶವನ್ನು ವಿಜ್ಞಾನಿಗಳು ಬೇಕೆಂದೇ ಬೆಳೆಸಿದ್ದಾರೆ. ಮನುಷ್ಯರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಬೆಳೆಯುವ ವಯಸ್ಸಿನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು ಏಕೆ ಅಂತ ತಿಳಿಯಲು ಅದನ್ನು ಬಳಸುತ್ತಾರೆ. ಆ ಗಪ್ಪಿಗಳಲ್ಲೂ ಹುಟ್ಟುವಾಗ ಬೆನ್ನು ನೆಟ್ಟಗಿರುತ್ತದೆ, ಬೆಳೆಯುತ್ತಾ ಬಾಗುತ್ತದೆ.

ಹಾಗಾಗಿ ಮರಿಗಳ ಮಟ್ಟಿಗೆ ಹರಡುವ ಭಯ ಬೇಡ. ಅಂಟುವುದಿಲ್ಲ, ವಂಶದಲ್ಲಿ ಮುಂದುವರಿಯುತ್ತದೆ ಅಷ್ಟೇ.

ಆದರೆ ಒಂದು ಮಾತು. ನೆಟ್ಟಗಿದ್ದ ದೊಡ್ಡ ಮೀನೊಂದು ಕೆಲವು ವಾರದಲ್ಲಿ ಬಾಗುತ್ತಾ ಹೋದರೆ ಕಥೆಯೇ ಬೇರೆ. ವಯಸ್ಸಾದ ಗಪ್ಪಿ ಸ್ವಲ್ಪ ಬಗ್ಗುವುದುಂಟು, ಅದು ಮುಪ್ಪು. ಬಾಗುವುದರ ಜೊತೆಗೆ ಹೊಟ್ಟೆ ಒಳಗೆ ಸೇರಿ, ಮೈ ಇಳಿದು, ಮೂಲೆಯಲ್ಲಿ ಸುಮ್ನೆ ನಿಂತುಬಿಟ್ಟರೆ ಮೀನಿನ ಕ್ಷಯ ಇರಬಹುದು. ಇದನ್ನು ತರುವ ಬ್ಯಾಕ್ಟೀರಿಯಾ ನಮ್ಮ ಟಿಬಿ ರೋಗಾಣುವಿನ ದಾಯಾದಿ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂ ಒಂದರ ಸತ್ತ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ಇದು ಬೇರೆ ಮೀನಿಗೆ ಹರಡುತ್ತದೆ. ಅಪರೂಪಕ್ಕೆ ನಮಗೂ ಬರುತ್ತದೆ. ಕೈಯಲ್ಲಿ ಗಾಯ ಇಟ್ಟುಕೊಂಡು ಟ್ಯಾಂಕ್ ತೊಳೆದರೆ, ಕೆಲವು ವಾರದ ಮೇಲೆ ಬೆರಳಲ್ಲಿ ವಾಸಿಯಾಗದ ಗಂಟು ಏಳಬಹುದು. ಅದಕ್ಕೆ ಹಲವು ತಿಂಗಳು ಔಷಧಿ ಬೇಕಾಗುತ್ತದೆ. ಅಂಥ ಗಂಟು ಬಂದರೆ ಡಾಕ್ಟರ ಹತ್ತಿರ ಮನೆಯಲ್ಲಿ ಮೀನಿದೆ ಅಂತ ತಪ್ಪದೆ ಹೇಳಿ. ಅವರಾಗಿ ಕೇಳುವುದು ಕಡಿಮೆ. ಇನ್ನು ನೀರು ತೆಗೆಯಲು ಪೈಪನ್ನು ಬಾಯಲ್ಲಿ ಎಳೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ತಿಂಡಿಯ ಕಡೆಗೂ ನೋಡಿ. ಹೆಚ್ಚಿನ ಮೀನುಗಳ ಮೈಯಲ್ಲಿ, ನಮ್ಮ ಹಾಗೇ, ವಿಟಮಿನ್ ಸಿ ತಯಾರಾಗುವುದಿಲ್ಲ. ಅದಿಲ್ಲದೆ ಮೂಳೆ ಸರಿಯಾಗಿ ಕೂಡುವುದಿಲ್ಲ, ಬೆಳೆಯುವ ಮರಿಯ ಬೆನ್ನು ಬಾಗುತ್ತದೆ. ಅಂಗಡಿಯಲ್ಲಿ ದೊಡ್ಡ ಚೀಲದಿಂದ ತೆಗೆದು ಸಣ್ಣ ಕವರಿನಲ್ಲಿ ಕಟ್ಟಿಕೊಡುವ ಕಾಳು ಇದೆಯಲ್ಲ, ಅದು ಗಾಳಿ ಬಿಸಿಲಿಗೆ ಕೂತಷ್ಟೂ ಈ ವಿಟಮಿನ್ ಹಾಳಾಗುತ್ತದೆ. ಹಾಕಿದ ತಿಂಡಿ ತಿನ್ನುತ್ತಿವೆ, ಆದರೂ ಸತ್ವ ಸಿಗುತ್ತಿಲ್ಲ. ತಾರೀಖು ಇರುವ ಚಿಕ್ಕ ಡಬ್ಬಿ ತನ್ನಿ.

ಫ್ಲೋರೈಡ್ ಭಯಕ್ಕೆ ಕೆಲವರು ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನನ್ನೇ ಟ್ಯಾಂಕಿಗೆ ಸುರಿಯುತ್ತಾರೆ. ದಯವಿಟ್ಟು ಬೇಡ. ಆ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚೇನೂ ಉಳಿದಿರುವುದಿಲ್ಲ. ಗಪ್ಪಿಗೆ ಗಡಸು ನೀರೇ ಒಗ್ಗುವುದು. ಮಲೇರಿಯಾ ಸೊಳ್ಳೆಯ ಮರಿ ತಿನ್ನಲಿ ಅಂತ 1990ರ ದಶಕದಲ್ಲಿ ನಿಮ್ಮ ಜಿಲ್ಲೆಯ ಹಳ್ಳಿಗಳ ಬಾವಿಗೆ ಬಿಟ್ಟಿದ್ದು ಇದೇ ಗಪ್ಪಿಯನ್ನು. ಬೋರ್ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಏರ್ ಪಂಪ್ ಹಾಕಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬದಲಿಸಿ. ಸಾಕು.

ಇನ್ನೊಂದು ತಮಾಷೆ ಕೇಳಿ. ನಾನು ಮೊದಲ ಸಲ ಬಲೂನ್ ಮೋಲಿ ತಂದಾಗ, ಆ ಗುಂಡು ಹೊಟ್ಟೆ ನೋಡಿ ಬಸುರಿ ಅಂದುಕೊಂಡು ಒಂದೂವರೆ ತಿಂಗಳು ಕಾದಿದ್ದೆ. ಆಮೇಲೆ ಗೊತ್ತಾಯಿತು, ಅದು ಗಂಡು! ಬೆನ್ನುಮೂಳೆ ಮೊಟಕಾಗಿ ಬಾಗಿದ್ದನ್ನೇ ಆರಿಸಿ ಆರಿಸಿ ಬೆಳೆಸಿದ ತಳಿ ಅದು. ಬೆನ್ನಿನ ರೆಕ್ಕೆಯೇ ಇಲ್ಲದ ರಾಂಚು ಗೋಲ್ಡ್‌ಫಿಶ್, ಕಣ್ಣಿನ ಕೆಳಗೆ ನೀರಿನ ಚೀಲ ಜೋತುಬಿದ್ದ ಬಬಲ್ ಐ, ಬಾಯಿ ಪೂರ್ತಿ ಮುಚ್ಚಲಾಗದ ಪ್ಯಾರಟ್ ಫಿಶ್, ಎಲ್ಲವೂ ಇದೇ ಸಾಲಿನವು. ನಿಮ್ಮ ಗಪ್ಪಿಗಾದರೆ ಅಂಗವಿಕಲ ಅಂತೀವಿ, ಮೋಲಿಗಾದರೆ ಜಾಸ್ತಿ ದುಡ್ಡು ಕೊಡ್ತೀವಿ, ಅಲ್ವಾ? ಪ್ಯಾರಟ್ ಫಿಶ್ ಮಾತ್ರ ನಾನು ಯಾರಿಗೂ ಕೊಳ್ಳಿ ಅನ್ನುವುದಿಲ್ಲ. ಅದು ತಿನ್ನಲು ಪಡುವ ಪಾಡು ನೋಡೋಕಾಗಲ್ಲ.

ಈಗ ಮಾಡಬೇಕಾದ್ದು. ಬಾಗಿದ ಬೆನ್ನು ಯಾವ ಔಷಧಿಗೂ ನೆಟ್ಟಗಾಗುವುದಿಲ್ಲ. ನೀಲಿ, ಹಳದಿ ಬಾಟಲಿ ತಂದು ಸುರಿಯಬೇಡಿ. ಗೂನು ಮರಿಗಳು ಈಜಿ, ತಿಂದುಕೊಂಡು ಇದ್ದರೆ ಇರಲಿ, ಬೇರೆ ಡಬ್ಬದಲ್ಲಿಡಿ, ಮರಿ ಹಾಕಲು ಬಿಡಬೇಡಿ. ಕೆರೆಗೋ ಬಾವಿಗೋ ಬಿಡುವುದೂ ಬೇಡ. ಟ್ಯಾಂಕಿನ ತಳಕ್ಕೆ ಬಿದ್ದು ಒದ್ದಾಡುತ್ತಿರುವ ಮೀನಿಗೆ ಮಾತ್ರ, ಚಿಕ್ಕ ಪಾತ್ರೆಯ ನೀರಿನಲ್ಲಿ ಲವಂಗದ ಎಣ್ಣೆ ಚೆನ್ನಾಗಿ ಕದಡಿ ಅದರಲ್ಲಿ ಬಿಟ್ಟರೆ, ಮಂಪರು ಬಂದು ನೋವಿಲ್ಲದೆ ಹೋಗುತ್ತದೆ. ದೊಡ್ಡ ಟ್ಯಾಂಕಿನ ಹಳೇ ಗಂಡುಗಳನ್ನೆಲ್ಲ ತೆಗೆದು, ಬೇರೆ ಊರಿನ ಅಂಗಡಿಯಿಂದ ಎರಡು ಮೂರು ಹೊಸ ಗಂಡು ತನ್ನಿ. ಎರಡು ವಾರ ಬೇರೆ ಇಟ್ಟು, ಆರೋಗ್ಯವಾಗಿವೆ ಅನ್ನಿಸಿದ ಮೇಲೆ ಬಿಡಿ. ಮುಂದಿನ ಸೂಲಿನಲ್ಲೂ ಗೂನು ಮರಿ ಕಂಡರೆ ಗಾಬರಿ ಬೇಡ. ಹೆಣ್ಣು ಗಪ್ಪಿ ಹಳೇ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲೇ ಕಾಪಾಡಿಕೊಂಡಿರುತ್ತದೆ.