ಬಾನಲ್ಲೇ ಬಿಸಾಡುವ ಲೆಕ್ಕ

ನಕ್ಷತ್ರದ ಮುಂದೆ ಗ್ರಹವೊಂದು ಹಾದುಹೋದರೆ ಬೆಳಕು ಒಂಚೂರು ಮಂಕಾಗುತ್ತದೆ. ಅದನ್ನು ಹಿಡಿಯಲೆಂದೇ 2018ರಲ್ಲಿ ನಾಸಾ ಟೆಸ್ ದೂರದರ್ಶಕವನ್ನು ಹಾರಿಸಿತು. ಅದರಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಒಂದೊಂದರಲ್ಲೂ ಸುಮಾರು 1.68 ಕೋಟಿ ಪಿಕ್ಸೆಲ್. 2 ಸೆಕೆಂಡಿಗೊಂದು ಚಿತ್ರ. ಅಷ್ಟನ್ನೂ ಭೂಮಿಗೆ ಕಳಿಸಲು ಸಾಧ್ಯವೇ ಇಲ್ಲ. ಹಾಗಾಗಿ ಕೂಡಿಸಿ ಕಳೆಯುವ ಕೆಲಸ ಅಲ್ಲೇ ಆಗಬೇಕು.

ಕ್ಯಾಮೆರಾಗಳಿಂದ ಸುರಿಯುವ ಚಿತ್ರಗಳನ್ನು ಅಲ್ಲಿ ಮೊದಲು ಹಿಡಿಯುವುದು ಎರಡು ಎಫ್‌ಪಿಜಿಎ ಚಿಪ್‌ಗಳು. ಮಾಮೂಲಿ ಪ್ರೊಸೆಸರ್ ಆದೇಶಗಳನ್ನು ಒಂದಾದ ಮೇಲೊಂದು ಓದುತ್ತದೆ. ಎಫ್‌ಪಿಜಿಎಯಲ್ಲಿ ಸಾವಿರಾರು ಸಣ್ಣ ತರ್ಕದ ತುಂಡುಗಳು, ನಡುವೆ ತಂತಿಗಳ ಬಲೆ. ಯಾವುದಕ್ಕೆ ಯಾವುದನ್ನು ಜೋಡಿಸಬೇಕೆಂದು ನಾವು ಬರೆದುಕೊಟ್ಟರೆ ಅದೇ ಸರ್ಕ್ಯೂಟ್ ಆಗುತ್ತದೆ, ತುಂಡುಗಳೆಲ್ಲ ಒಟ್ಟಿಗೇ ದುಡಿಯುತ್ತವೆ. ಅಂಗಳದಲ್ಲಿ ಒಬ್ಬರೇ ಕೂತು ಅಡಿಕೆ ಹೆಕ್ಕುವುದಕ್ಕೂ, ಸಾಲಾಗಿ ಕೂತು ಒಬ್ಬರು ಪಟೋರ, ಒಬ್ಬರು ಕೋಕ, ಇನ್ನೊಬ್ಬರು ಕರಿಗೋಟು ಎಂದು ಅಡಿಕೆಯ ಒಂದೊಂದು ದರ್ಜೆ ಬೇರೆ ಮಾಡುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಅಷ್ಟೇ.

2015ರಲ್ಲಿ ಶ್ರೀಹರಿಕೋಟಾದಿಂದ ಹೋದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ಇನ್ನೂ ಜಿಪುಣ. ಅದರ ನೇರಳಾತೀತ ದೂರದರ್ಶಕಕ್ಕೆ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಬಂದರೆ ಕೆಲವು ಪಿಕ್ಸೆಲ್‌ಗಳಿಗೆ ಹರಡಿದ ಚುಕ್ಕೆ ಮೂಡುತ್ತದೆ. ಹಾರ್ಡ್‌ವೇರ್ ಸೆಕೆಂಡಿಗೆ ಸುಮಾರು 29 ಚಿತ್ರ ನೋಡಿ, ಆ ಚುಕ್ಕೆಯ ನಡುಭಾಗ ಎಲ್ಲಿದೆ ಎಂಬುದನ್ನಷ್ಟೇ ಕೆಳಗೆ ತಿಳಿಸುತ್ತದೆ. ಇಡೀ ಚಿತ್ರ ಯಾರಿಗೆ ಬೇಕು!

ಕಾಸರಗೋಡಿನ ಪೆರ್ಲದಲ್ಲಿ ನನ್ನ ತಂಗಿಯ ಮಗಳು ಇಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಮಳೆಗಾಲದ ಒಂದು ಸಂಜೆ ಅವಳ ಎಫ್‌ಪಿಜಿಎ ಬೋರ್ಡಿನಲ್ಲಿ ಎಂಟು ಎಲ್‌ಇಡಿಗಳು ಓಡಾಡುತ್ತಿದ್ದವು. ಸಿಡಿಲು ಬಡಿದು ಕರೆಂಟು ಹೋಯಿತು. ಬೋರ್ಡಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿತ್ತು. ಕರೆಂಟು ಬಂದರೂ ಎಲ್‌ಇಡಿಗಳು ಸುಮ್ನೆ ಕೂತಿದ್ದವು. "ಅದಕ್ಕೆ ಸರ್ಕ್ಯೂಟೇ ಮರೆತುಹೋಗಿದೆ ಮಾವ, ಪುನಃ ತುಂಬಿಸ್ಬೇಕು" ಎಂದಳು.

ಇಂಥ ಚಿಪ್‌ನಲ್ಲಿ ತಂತಿಗಳ ಜೋಡಣೆ ಇರುವುದು ಮೆಮೊರಿಯ ಸೊನ್ನೆ, ಒಂದುಗಳಲ್ಲಿ. ಬಾಹ್ಯಾಕಾಶದಲ್ಲಿ ವಿದ್ಯುದಾವೇಶದ ಕಣಗಳು ಬಂದು ಬಡಿಯುತ್ತಲೇ ಇರುತ್ತವೆ. ಚಿತ್ರದ ಒಂದು ಬಿಟ್, ಅಂದರೆ ಸೊನ್ನೆಯೋ ಒಂದೋ, ತಿರುಗಿಬಿದ್ದರೆ ಒಂದು ಪಿಕ್ಸೆಲ್ ಕೆಟ್ಟೀತು. ಜೋಡಣೆಯ ಬಿಟ್ ತಿರುಗಿದರೆ ಸರ್ಕ್ಯೂಟೇ ಬೇರೆಯಾದೀತು, ಮತ್ತೆ ಬರುವ ಚಿತ್ರಗಳೆಲ್ಲ ತಪ್ಪಾಗಬಹುದು. ಅದಕ್ಕೇ ಒಂದೇ ಸರ್ಕ್ಯೂಟನ್ನು ಮೂರು ಸಲ ಕಟ್ಟಿ, ಎರಡು ಹೇಳಿದ್ದನ್ನು ನಂಬುವ ಪದ್ಧತಿ ಇದೆ. ಜೋಡಣೆಯ ಮೆಮೊರಿಯನ್ನು ಆಗಾಗ ಮೂಲಪ್ರತಿಯಿಂದ ತಿದ್ದಿ ಬರೆಯುವುದೂ ಇದೆ. ಒಮ್ಮೆ ಬರೆದರೆ ಮತ್ತೆ ಬದಲಾಗದ ಎಫ್‌ಪಿಜಿಎಗಳೂ ಸಿಗುತ್ತವೆ. ಗಟ್ಟಿ ನಿಜ, ಆದರೆ ಹಾರಿದ ಮೇಲೆ ತಪ್ಪು ಗೊತ್ತಾದರೆ ಮಾಡುವಂಥದ್ದೇನೂ ಇಲ್ಲ. ಚಿತ್ರ ಸಂಸ್ಕರಣೆಗೆ ತಿದ್ದಲು ಬರುವುದೇ ಮೇಲು ಅಂತ ನನಗನಿಸುತ್ತದೆ.

ಅದೇ ಕಣಗಳು ಕ್ಯಾಮೆರಾಕ್ಕೂ ಬಡಿದು ಇಲ್ಲದ ಬೆಳಕು ತೋರಿಸುತ್ತವೆ. ಟೆಸ್ ಪ್ರತಿ ಪಿಕ್ಸೆಲ್‌ನ ಸಾಲಾದ 10 ಅಳತೆಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಸಾಡಿ, ಉಳಿದ 8ನ್ನು ಕೂಡಿಸುತ್ತದೆ. ಉಪಾಯ ಚೆನ್ನಾಗಿದೆ. ಆದರೆ ನಕ್ಷತ್ರವೇ ಒಂದೆರಡು ಸೆಕೆಂಡು ಭಗ್ಗನೆ ಉರಿದಿದ್ದರೆ? ಆ ಅಳತೆಯೂ ಹೋಯಿತು, ಕಡತದಲ್ಲಿ ಹುಡುಕಿದರೂ ಸಿಗದು. 2020ರಿಂದ ಆಯ್ದ ಕೆಲವು ನಕ್ಷತ್ರಗಳನ್ನು 20 ಸೆಕೆಂಡಿಗೊಮ್ಮೆ ದಾಖಲಿಸುತ್ತಿದ್ದಾರೆ. ಅವುಗಳಿಗೆ ಈ ಕತ್ತರಿ ಪ್ರಯೋಗ ಇಲ್ಲ. ಹತ್ತೂ ಅಳತೆಗಳ ಮೊತ್ತ ಕೆಳಗೆ ಬರುತ್ತದೆ, ಕಣಗಳ ಹೊಡೆತವನ್ನು ಹುಡುಕಿ ತೆಗೆಯುವುದು ಭೂಮಿಯ ಕಂಪ್ಯೂಟರುಗಳ ತಲೆನೋವು.