ನೆಪೋಲಿಯನ್‌ನನ್ನು ಸ್ವಲ್ಪ ಬಿಟ್ಟುಬಿಡಿ

ವಿಚಿತ್ರವಾದ ಡಚ್ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇರುವವರು ನನ್ನ ಹತ್ತಿರ ಬಂದರೆ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕತೆ ಶುರುವಾಗುತ್ತದೆ. 1811ರಲ್ಲಿ, ಹಾಲೆಂಡ್ ಫ್ರಾನ್ಸಿನ ಕೈಯಲ್ಲಿದ್ದಾಗ, ನೆಪೋಲಿಯನ್ ಎಲ್ಲರೂ ಅಡ್ಡಹೆಸರು ಬರೆಸಬೇಕು ಅಂತ ಹುಕುಂ ಹೊರಡಿಸಿದನಂತೆ. ಈ ಫ್ರೆಂಚರು ಎಷ್ಟು ದಿನ ಇದ್ದಾರು ಅಂತ ಇವರ ಮುತ್ತಜ್ಜನ ಮುತ್ತಜ್ಜ ತಮಾಷೆಗೆ ಬಾಯಿಗೆ ಬಂದ ಹೆಸರು ಬರೆಸಿದನಂತೆ. ಫ್ರೆಂಚರು ಹೋದರು, ಹೆಸರು ಮಾತ್ರ ಕುಟುಂಬಕ್ಕೆ ಅಂಟಿಕೊಂಡಿತಂತೆ. "ನೀವು ಆ ಕಾಗದ ಹುಡುಕಿಕೊಟ್ಟರೆ ಸಾಕು" ಅನ್ನುತ್ತಾರೆ.

ನಾನು ನೆದರ್ಲೆಂಡ್ಸ್‌ನ, ಅಂದರೆ ಹಾಲೆಂಡಿನ, ಹೇಗ್ ನಗರದಲ್ಲಿ ಹಳೆಯ ದಾಖಲೆ ತೆಗೆದು ವಂಶಾವಳಿ ಹುಡುಕಿಕೊಡುವ ಕೆಲಸ ಮಾಡುತ್ತೇನೆ. ಈ ಕತೆ ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರು ಒಳ್ಳೆಯ ಜನ. ಕಾಫಿ ಕುಡಿಸುತ್ತಾರೆ, ಹಳೆಯ ಫೋಟೊ ತೋರಿಸುತ್ತಾರೆ, ಅಜ್ಜಿಯ ಬೈಬಲ್ ಹೊತ್ತು ತರುತ್ತಾರೆ. ಆದರೆ ಉತ್ತರ ಮೊದಲೇ ಇಟ್ಟುಕೊಂಡು ಪ್ರಶ್ನೆ ಕೇಳುತ್ತಾರೆ.

ಈ ಕತೆಗೆ ಎಲ್ಲರೂ ಕೊಡುವ ಉದಾಹರಣೆ ನಾಕ್ಟ್‌ಗೆಬೋರೆನ್ ಅನ್ನುವ ಹೆಸರು. ಡಚ್ಚರು ಅದರ ನಡುವಿನ 'ಗ'ವನ್ನು ಗಂಟಲಲ್ಲಿ ಉಜ್ಜಿ ಹೇಳುತ್ತಾರೆ, ನಮ್ಮ ಲಿಪಿಗೆ ಅದು ಸಿಗುವುದಿಲ್ಲ. ಇದ್ದ ಹಾಗೆ ಓದಿದರೆ 'ಬೆತ್ತಲೆ ಹುಟ್ಟಿದವನು' ಅಂತಾಗುತ್ತದೆ. ಎಲ್ಲರೂ ಬೆತ್ತಲೆಯೇ ಹುಟ್ಟೋದು, ಅಲ್ವಾ? ಅದಕ್ಕೇ ಫ್ರೆಂಚ್ ಅಧಿಕಾರಿಗೆ ಟೋಪಿ ಹಾಕಿದ ಕತೆ ಈ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ. ತೊಂದರೆ ಏನಂದರೆ, ನೆಪೋಲಿಯನ್ ಹುಕುಂಗಿಂತ ಮುಂಚೆಯೇ ಈ ಹೆಸರು ಇತ್ತು. ಸಾಮಾನ್ಯವಾಗಿ ಒಪ್ಪಿಕೊಂಡಿರುವ ವಿವರಣೆಯ ಪ್ರಕಾರ ಇದು ಜರ್ಮನ್ ಭಾಷೆಯ 'ನಾಖ್‌ಗೆಬೋರೆನ್'ನಿಂದ ಬಂದದ್ದು. ಅಂದರೆ ಅಪ್ಪ ತೀರಿಕೊಂಡ ಮೇಲೆ ಹುಟ್ಟಿದ ಮಗು. ಆ ಕಾಲದಲ್ಲಿ ಜರ್ಮನ್ ಸೀಮೆಯಿಂದ ಹುಲ್ಲು ಕೊಯ್ಯುವುದಕ್ಕೆ, ಹಡಗಿನ ಕೆಲಸಕ್ಕೆ, ಸೈನ್ಯಕ್ಕೆ ಅಂತ ಜನ ಹಾಲೆಂಡ್‌ಗೆ ಬರುತ್ತಲೇ ಇದ್ದರು. ಅವರ ಹೆಸರು ಬರೆದುಕೊಳ್ಳುವವನು ಡಚ್ಚ. ಅವನ ಕಿವಿಗೆ ಯಾವ ಡಚ್ ಪದದ ಹಾಗೆ ಕೇಳಿಸಿತೋ ಅದನ್ನೇ ಬರೆದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಸಂಬಳದ ಪುಸ್ತಕಗಳನ್ನು ನೋಡಿದರೆ ಹೀಗೆ ಡಚ್ಚಾದ ಜರ್ಮನ್ ಹೆಸರುಗಳು ಬೇಕಾದಷ್ಟು ಸಿಗುತ್ತವೆ.

ಹಾಗಂತ ಇದು ನೂರಕ್ಕೆ ನೂರು ಸತ್ಯ ಅಂತ ಬರೆದುಕೊಡಿ ಅಂದರೆ ನಾನು ಬರೆದುಕೊಡುವುದಿಲ್ಲ. ಹೆಸರಿನ ಮೂಲದ ಬಗ್ಗೆ ಅಷ್ಟು ಗ್ಯಾರಂಟಿ ಕೊಡುವವರು ಸಿಕ್ಕರೆ, ಅವರಿಗೆ ದುಡ್ಡು ಕೊಡುವ ಮುಂಚೆ ಎರಡು ಸಲ ಯೋಚಿಸಿ.

ಹಾಗಾದರೆ 1811ರಲ್ಲಿ ಆದದ್ದೇನು? ನೆಪೋಲಿಯನ್ ತನ್ನ ತಮ್ಮ ಲೂಯಿಯನ್ನು 1806ರಲ್ಲಿ ಹಾಲೆಂಡಿನ ರಾಜನಾಗಿ ಕೂರಿಸಿದ್ದ. 1810ರಲ್ಲಿ ಅವನನ್ನು ಇಳಿಸಿ ದೇಶವನ್ನೇ ಫ್ರಾನ್ಸ್‌ಗೆ ಸೇರಿಸಿಕೊಂಡ. ಅದರ ಹಿಂದೆಯೇ ಸರ್ಕಾರಿ ಜನನ, ಮದುವೆ, ಮರಣ ದಾಖಲೆ ಬಂತು. ಅಲ್ಲಿಯವರೆಗೆ ಆ ಕೆಲಸ ಚರ್ಚ್‌ಗಳದ್ದು. ಸೈನ್ಯಕ್ಕೆ ಹುಡುಗರು ಬೇಕು, ತೆರಿಗೆ ಬೇಕು ಅಂದರೆ ಯಾರು ಯಾರ ಮಗ ಅಂತ ಸರ್ಕಾರಕ್ಕೆ ಗೊತ್ತಿರಬೇಕು. ಆಗಸ್ಟ್ 18, 1811ರ ಹುಕುಂ ಹೇಳಿದ್ದು ಇಷ್ಟೇ: ಅಡ್ಡಹೆಸರು ಇಲ್ಲದವರು ಒಂದು ಹೆಸರು ಆರಿಸಿಕೊಂಡು ಊರಿನ ಮೇಯರ್ ಹತ್ತಿರ ಬರೆಸಬೇಕು. 'ಇಲ್ಲದವರು' ಅನ್ನುವ ಪದ ದಯವಿಟ್ಟು ಗಮನಿಸಿ. ದೇಶದ ಪಶ್ಚಿಮದ ಹೋಲಂಡ್ ಪ್ರಾಂತ್ಯದಲ್ಲಿ, ದಕ್ಷಿಣದಲ್ಲಿ ಬಹುಪಾಲು ಜನಕ್ಕೆ ಆಗಲೇ ಅಡ್ಡಹೆಸರು ಇತ್ತು. ಇಲ್ಲದವರು ಜಾಸ್ತಿ ಇದ್ದದ್ದು ಉತ್ತರದ ಫ್ರೀಸ್‌ಲ್ಯಾಂಡ್, ಖ್ರೋನಿಂಗನ್, ಡ್ರೆಂಥ ಕಡೆ, ಮತ್ತು ಯಹೂದಿ ಕುಟುಂಬಗಳಲ್ಲಿ. ಅಲ್ಲಿ ಅಪ್ಪನ ಹೆಸರೇ ಮಗನ ಹಿಂದೆ ಬರುತ್ತಿತ್ತು. ಪೀಟರನ ಮಗ ಯಾನ್ ಆದರೆ ಯಾನ್ ಪೀಟರ್ಸ್, ಯಾನನ ಮಗ ಹೆಂಡ್ರಿಕ್ ಆದರೆ ಹೆಂಡ್ರಿಕ್ ಯಾನ್ಸ್. ತಲೆಮಾರಿಗೊಮ್ಮೆ ಬದಲು.

ಅವರಾದರೂ ಬರೆಸಿದ್ದು ಜೋಕ್ ಅಲ್ಲ. ಫ್ರೀಸ್‌ಲ್ಯಾಂಡಿನ ರಿಜಿಸ್ಟರುಗಳು ಲೇವಾರ್ಡನ್‌ನ ಟ್ರೆಸೋರ್ ದಾಖಲಾಲಯದಲ್ಲಿವೆ. ತೆರೆದು ನೋಡಿದರೆ ನಿದ್ದೆ ಬರುವಷ್ಟು ಸಪ್ಪೆ ಹೆಸರುಗಳು. ಕಟ್ಟೆ ಪಕ್ಕದವನು, ಮೂಲೆಮನೆಯವನು, ಕಮ್ಮಾರ, ಇಂಥ ಊರಿನವನು. ನಮ್ಮ ಎಂಜಿನಿಯರಿಂಗ್ ಹುಡುಗರು ಅಲ್ಗಾರಿದಂ ಪಾಠದಲ್ಲಿ ಉರು ಹೊಡೆಯುವ ಡೈಕ್‌ಸ್ಟ್ರಾ ಅನ್ನುವ ಹೆಸರೂ ಈ ಜಾತಿಯದೇ. ನೀರು ತಡೆಯುವ ಕಟ್ಟೆಯ ಹತ್ತಿರದವನು ಅಂತ ಅದರ ಅರ್ಥ. ಹೆಸರಿನ ಜೊತೆಗೆ ಮಕ್ಕಳು, ಕೆಲವು ಕಡೆ ಮೊಮ್ಮಕ್ಕಳು, ಅವರ ವಯಸ್ಸು ಎಲ್ಲ ಬರೆಸಿದ್ದಾರೆ. ಮಕ್ಕಳ ಪಟ್ಟಿ ಅಷ್ಟು ಜೋಪಾನವಾಗಿ ಕೊಟ್ಟವನು, ಆ ಮಕ್ಕಳೆಲ್ಲ ಹೊರಬೇಕಾದ ಹೆಸರನ್ನು ನಗಾಡಿಕೊಂಡು ಬರೆಸಿದ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಇನ್ನೊಂದು, ಮೇಜಿನ ಆಚೆ ಕೂತವನು ಪ್ಯಾರಿಸ್ಸಿನಿಂದ ಬಂದ ಫ್ರೆಂಚನಲ್ಲ. ಅದೇ ಊರಿನ, ಅದೇ ಭಾಷೆಯ ಮೇಯರ್. ಅವನಿಗೆ ಆ ಪದ ಅರ್ಥವಾಗುತ್ತಿರಲಿಲ್ಲವೇ? ಯಾರು ಯಾರಿಗೆ ಟೋಪಿ ಹಾಕಿದಂತಾಯಿತು?

ಇಷ್ಟು ಹೇಳಿದರೆ ಬುದ್ಧಿವಂತ ಗ್ರಾಹಕರು ಒಂದು ಪ್ರಿಂಟ್ ತೆಗೆದು ಮುಂದಿಡುತ್ತಾರೆ. "ನೋಡಿ, 1790ರ ದೀಕ್ಷಾಸ್ನಾನದ ಪುಸ್ತಕದಲ್ಲಿ ನಮ್ಮಜ್ಜನ ಹೆಸರು ಬರೀ 'ಯಾನ್, ಪೀಟರ್ ಹೆಂಡ್ರಿಕ್ಸ್‌ನ ಮಗ' ಅಂತಿದೆ. ಅಡ್ಡಹೆಸರು ಇಲ್ಲವಲ್ಲ. ಅಂದರೆ 1811ರಲ್ಲೇ ತಗೊಂಡದ್ದು." ನನ್ನ ಕೆಲಸದಲ್ಲಿ ಅತೀ ಜಾಸ್ತಿ ಕಾಣುವ ತಪ್ಪು ಇದು. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಒಂದು ಪುಸ್ತಕದಲ್ಲಿ ಹೆಸರು ಬರೆದಿಲ್ಲ ಅಂದರೆ ಆ ಮನುಷ್ಯನಿಗೆ ಹೆಸರು ಇರಲಿಲ್ಲ ಅಂತಲ್ಲ. ಚರ್ಚಿನ ಗುಮಾಸ್ತನಿಗೆ ಬೇಕಾಗಿದ್ದು ಮಗು ಯಾರದು ಅನ್ನುವುದು. ಸಣ್ಣ ಊರು, ಎಲ್ಲರೂ ಗೊತ್ತಿರುವವರು, ಅಪ್ಪನ ಹೆಸರು ಬರೆದರೆ ಸಾಕು. ಅದೇ ಮನುಷ್ಯ ಮನೆ ಮಾರುವಾಗ ನೋಟರಿ ಹತ್ತಿರ ಪೂರ್ತಿ ಹೆಸರು ಹೇಳುತ್ತಾನೆ, ಯಾಕಂದರೆ ಅಲ್ಲಿ ದುಡ್ಡಿನ ವ್ಯವಹಾರ. ತೆರಿಗೆ ಪಟ್ಟಿಯಲ್ಲಿ ಮೂರನೇ ತರಹ ಬರೆದಿರುತ್ತಾರೆ. ಚಿತ್ರಕಾರ ರೆಂಬ್ರಾಂಟ್‌ನ ಪೂರ್ತಿ ಹೆಸರು ರೆಂಬ್ರಾಂಟ್ ಹಾರ್ಮೆನ್ಸ್‌ಜೋನ್ ವಾನ್ ರೈನ್. ಹಾರ್ಮೆನ್‌ನ ಮಗ ಅನ್ನುವುದೂ ಇದೆ, ರೈನ್ ನದಿಯ ಕುಟುಂಬದ ಹೆಸರೂ ಇದೆ. ಎರಡೂ ಒಟ್ಟಿಗೆ ಬದುಕುತ್ತಿದ್ದವು. ಬರೆಯುವವನು ಯಾವುದನ್ನು ಹಿಡಿದುಕೊಂಡ ಅನ್ನುವುದು ಅವನ ಅಭ್ಯಾಸ, ಅವನ ಆತುರ.

ಹಾಗಾಗಿ 1811ರ ರಿಜಿಸ್ಟರಿನಲ್ಲೇ ನಿಮ್ಮ ಹೆಸರು ಸಿಕ್ಕರೂ ಅದು ಹುಟ್ಟಿದ ತಾರೀಖು ಅಲ್ಲ. ಇದ್ದ ಹೆಸರನ್ನೇ ಬಂದು ಬರೆಸಿ ಹೋದವರು ಎಷ್ಟೋ ಜನ. ಹಿಂದಕ್ಕೆ ಹೋಗುವ ದಾರಿ ಬೇಕಾದರೆ, 1811ರ ನಂತರ ಮದುವೆಯಾದವರ ಅಡಕ ಕಾಗದಗಳನ್ನು ನೋಡಿ. ಮದುವೆಯಾಗುವ ಹುಡುಗ ತನ್ನ ದೀಕ್ಷಾಸ್ನಾನದ ನಕಲು, ಅಪ್ಪ ಅಮ್ಮ ತೀರಿಕೊಂಡಿದ್ದರೆ ಅವರ ಮರಣದ ನಕಲು ಕೊಡಬೇಕಿತ್ತು. ಹಳೆ ಹೆಸರು, ಹೊಸ ಹೆಸರು ಎರಡೂ ಒಂದೇ ಕಂತೆಯಲ್ಲಿ ಸಿಗುತ್ತವೆ. ಜನ ಇದನ್ನು ಬಿಟ್ಟು ಬರೀ ಇಂಟರ್ನೆಟ್ಟಿನ ಸೂಚಿ ನೋಡಿ ಬಂದುಬಿಡುತ್ತಾರೆ.

ವಯಸ್ಸಾದ ಒಬ್ಬರು ಬಂದಿದ್ದರು. ನಿವೃತ್ತ ಮೇಷ್ಟರು. ಬಲು ಅಪರೂಪದ ಹೆಸರು. ಅವರ ಕುಟುಂಬದ ಹೆಸರು 17ನೇ ಶತಮಾನದ ಜಮೀನಿನ ಪತ್ರದಲ್ಲಿ ಸಿಕ್ಕಿತು. ಖುಷಿಯಾಗುತ್ತಾರೆ ಅಂತ ಪತ್ರ ಮುಂದಿಟ್ಟರೆ ಮುಖ ಬಾಡಿಹೋಯಿತು. ಐವತ್ತು ವರ್ಷ ಮಕ್ಕಳಿಗೆ ನೆಪೋಲಿಯನ್ ಪಾಠ ಮಾಡುವಾಗ ತಮ್ಮ ಹೆಸರನ್ನೇ ಉದಾಹರಣೆ ಕೊಟ್ಟಿದ್ದರಂತೆ. "ಈಗ ಅವರಿಗೆಲ್ಲ ಕಾಗದ ಬರೀಬೇಕಾ?" ಅಂತ ಕೇಳಿದರು. ಬೇಡ ಸಾರ್ ಅಂದೆ. ಆಮೇಲೆ ಆ ಜಮೀನಿನ ಅಳತೆ ಎಷ್ಟು, ಈಗ ಅಲ್ಲಿ ಏನಿದೆ ಅಂತ ಮಧ್ಯಾಹ್ನವಿಡೀ ನನ್ನನ್ನು ಬಿಡಲಿಲ್ಲ.

ಧಾರವಾಡದ ಕಡೆಯವರಿಗೆ ಇದನ್ನು ಹೇಳಿ ಅರ್ಥ ಮಾಡಿಸುವ ಕಷ್ಟವೇ ಇಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ತುಪ್ಪದ ಅಂತ ಅಡ್ಡಹೆಸರು ಇಟ್ಟುಕೊಂಡು ತಲೆಮಾರುಗಳಿಂದ ಆರಾಮಾಗಿದ್ದಾರೆ. ಯಾವ ಬ್ರಿಟಿಷ್ ಕಲೆಕ್ಟರನನ್ನು ಅಣಕಿಸಲಿಕ್ಕೆ ಮೆಣಸಿನಕಾಯಿ ಅಂತ ಬರೆಸಿದಿರಿ ಅಂತ ಯಾರೂ ಅವರನ್ನು ಕೇಳಿಲ್ಲ. ವ್ಯಾಪಾರವೋ, ಹೊಲವೋ, ಅಜ್ಜನ ಯಾವುದೋ ಸಂಗತಿಯೋ ಇದ್ದಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಡಚ್ ಹೆಸರೂ ಹಾಗೇ. ಜೆಲ್ಡನ್‌ರುಸ್ಟ್ ಅಂದರೆ 'ವಿಶ್ರಾಂತಿ ಅಪರೂಪ'. ಕೇಳಿದರೆ ಬೇಕಂತಲೇ ಇಟ್ಟ ಜೋಕ್ ಅನಿಸುತ್ತದೆ. ಆದರೆ ಡೊಕ್ಕುಮ್ ಊರಿಗೆ ಹೋದರೆ ಅದೇ ಹೆಸರಿನ ಗಾಳಿಗಿರಣಿ ನಿಂತಿದೆ. ಗಿರಣಿಗೆ, ಮನೆಗೆ, ಹೊಲಕ್ಕೆ ಇಂಥ ಹೆಸರಿಡುವುದು ಇಲ್ಲಿಯ ವಾಡಿಕೆ. ಅಲ್ಲಿಂದ ಮನುಷ್ಯರಿಗೂ ಬರಬಹುದು.

ಇನ್ನು 'ಅಪರೂಪ' ಅನ್ನುವ ವಿಷಯ. ನಮ್ಮ ಹೆಸರು ತುಂಬಾ ಅಪರೂಪ, ಹಾಗಾಗಿ ದೊಡ್ಡ ಮನೆತನವೇ ಇರಬೇಕು ಅಂತ ಬರುವವರೂ ಇದ್ದಾರೆ. 2007ರ ಲೆಕ್ಕದಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಬೇರೆ ಬೇರೆ ಅಡ್ಡಹೆಸರುಗಳಿದ್ದವು. ಆಗಿನ ಜನಸಂಖ್ಯೆ ಸುಮಾರು 1 ಕೋಟಿ 64 ಲಕ್ಷ. ಅದರಲ್ಲಿ ಡೆ ಯೋಂಗ್ ಅನ್ನುವ ಒಂದೇ ಹೆಸರಿಗೆ 80 ಸಾವಿರಕ್ಕಿಂತ ಹೆಚ್ಚು ಜನ. ಉಳಿದ ಲೆಕ್ಕ ನೀವೇ ಹಾಕಿ. ಈ ದೇಶದಲ್ಲಿ ಅಪರೂಪದ ಹೆಸರು ಇರುವುದು ಮಾಮೂಲಿ ಸಂಗತಿ. ಡಚ್ ಅಡ್ಡಹೆಸರುಗಳ ಸಾರ್ವಜನಿಕ ಮಾಹಿತಿಕೋಶದಲ್ಲಿ ಹುಡುಕಿದರೆ ಎಷ್ಟೋ ಹೆಸರುಗಳ ಮುಂದೆ '5ಕ್ಕಿಂತ ಕಡಿಮೆ' ಅಂತ ಮಾತ್ರ ಬರುತ್ತದೆ. ಆ ಒಂದು ಸಾಲು ನೋಡಿ ರಾಜವಂಶದ ಕನಸು ಕಾಣುವವರನ್ನು ಕಂಡಿದ್ದೇನೆ.

ಹೆಸರು ಅಪರೂಪವಾಗುವುದಕ್ಕೆ ಕಾರಣ ಬಹಳ ಸಲ ತೀರಾ ಸಾಧಾರಣ. ಒಂದು, ಗುಮಾಸ್ತನ ಕೈ. 1811ಕ್ಕಿಂತ ಮುಂಚೆ ಹೆಸರುಗಳ ಕಾಗುಣಿತಕ್ಕೆ ಕಟ್ಟುಪಾಡು ಇರಲಿಲ್ಲ. ಆಮೇಲೆ ಬರೆದದ್ದೇ ಕಾನೂನಾಯಿತು. ಒಬ್ಬ ಅಣ್ಣನ ದಾಖಲೆಯಲ್ಲಿ 'ಕೆ' (k) ಇದ್ದು, ತಮ್ಮನದರಲ್ಲಿ 'ಸಿಕೆ' (ck) ಬಿದ್ದರೆ ಅಲ್ಲಿಗೆ ಎರಡು ಮನೆತನ. ಇನ್ನೊಂದು, ಬರೀ ಹೆಣ್ಣುಮಕ್ಕಳು ಹುಟ್ಟಿದ್ದು. 1998ರವರೆಗೆ ಗಂಡ ಹೆಂಡತಿಯ ಮಕ್ಕಳಿಗೆ ಅಪ್ಪನ ಅಡ್ಡಹೆಸರೇ ಹೋಗುತ್ತಿತ್ತು. 2024ರಿಂದ ಇಬ್ಬರದೂ ಸೇರಿಸಿ ಇಡಬಹುದು. ಇದರಿಂದ ಇನ್ನೂ ಹೊಸ ಅಪರೂಪದ ಹೆಸರುಗಳು ಹುಟ್ಟುತ್ತವೆ, ನನ್ನ ಮುಂದಿನವರಿಗೆ ಕೈತುಂಬ ಕೆಲಸ.

ಪೂರ್ವದ ಟ್ವೆಂಟೆ, ಆಖ್ಟರ್‌ಹೂಕ್ ಕಡೆಯ ಹೆಸರಿದ್ದರೆ ಇನ್ನೊಂದು ಎಚ್ಚರಿಕೆ. ಅಲ್ಲಿ ಹೆಸರು ರಕ್ತದ ಜೊತೆ ಹೋಗುತ್ತಿರಲಿಲ್ಲ, ಹೊಲಮನೆಯ ಜೊತೆ ಹೋಗುತ್ತಿತ್ತು. ಮನೆ ಅಳಿಯನಾಗಿ ಹೋದವನು ಆ ಹೊಲಮನೆಯ ಹೆಸರನ್ನೇ ಹೊತ್ತುಕೊಳ್ಳುತ್ತಿದ್ದ. ಒಕ್ಕಲು ಬದಲಾದರೆ ಬಂದವನಿಗೂ ಅದೇ ಹೆಸರು. ಹಾಗಾಗಿ ನಿಮ್ಮ ಅಪರೂಪದ ಹೆಸರಿನ ಇನ್ನೊಬ್ಬರು ಅಮೆರಿಕದ ಮಿಷಿಗನ್‌ನಲ್ಲಿ ಸಿಕ್ಕರು ಅಂತ ಒಂದೇ ರಕ್ತ ಅಂದುಕೊಂಡು ವಿಮಾನದ ಟಿಕೆಟ್ ಬುಕ್ ಮಾಡಬೇಡಿ. ಮೊದಲು ಎರಡೂ ಕಡೆಯ ದಾಖಲೆ ಹಿಂದಕ್ಕೆ ಹೋಗಿ ಒಂದೇ ದಂಪತಿಗೆ ತಲುಪುತ್ತದೆಯೇ ನೋಡಿ.

ಕಚೇರಿಯಲ್ಲಿ ಕೂತು ಹೆಸರು ಸೃಷ್ಟಿ ಮಾಡಿದ್ದು ನಿಜವಾಗಿ ನಡೆದದ್ದು ಬೇರೆ ಕಡೆ. ಡಚ್ಚರ ಕಾಲೊನಿಯಾಗಿದ್ದ ಸುರಿನಾಮ್‌ನಲ್ಲಿ. ಅಲ್ಲಿ ಜುಲೈ 1, 1863ರಂದು ಗುಲಾಮಗಿರಿ ಕೊನೆಯಾಯಿತು. ಅಲ್ಲಿಯವರೆಗೆ ಗುಲಾಮರಿಗೆ ಬರೀ ಒಂದು ಹೆಸರು. ಒಂದೇ ಸಲಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನಕ್ಕೆ ಅಡ್ಡಹೆಸರು ಬೇಕಾಯಿತು. ತಮ್ಮ ಮನೆತನದ ಹೆಸರನ್ನು ಹಾಗೇ ಕೊಡುವುದು ಮಾಲೀಕರಿಗೆ ಇಷ್ಟವಿರಲಿಲ್ಲ. ಹಾಗಾಗಿ ಎಷ್ಟೋ ಹೆಸರುಗಳನ್ನು ತಿರುವಿ ಹಾಕಿದರು. ಡೆ ವ್ರೀಸ್ ಹೋಗಿ ವ್ರೀಸ್‌ಡೆ, ವಿಲ್ಕೆನ್ಸ್ ಹೋಗಿ ಕೆನ್ಸ್‌ವಿಲ್. ಇವತ್ತು ಆಮ್‌ಸ್ಟರ್‌ಡಾಮ್, ರೋಟರ್‌ಡಾಮ್‌ನಲ್ಲಿ ಇಂಥ ಹೆಸರಿನವರು ಇದ್ದಾರೆ. ಮಾಹಿತಿಕೋಶದಲ್ಲಿ ಅವೂ 'ಅಪರೂಪದ ಡಚ್ ಹೆಸರು'ಗಳೇ.

ಅವರು ಬಂದಾಗ ನೆಪೋಲಿಯನ್ ಕತೆ ಯಾರೂ ಹೇಳುವುದಿಲ್ಲ. ಯಾವ ತೋಟ, ಯಾವ ಮಾಲೀಕ, ಅಮ್ಮನ ಹೆಸರೇನು ಅಂತ ನೇರವಾಗಿ ಕೇಳುತ್ತಾರೆ. ಗುಲಾಮರ ರಿಜಿಸ್ಟರಿನಲ್ಲಿ ಮಾಲೀಕನ ಹೆಸರು ಸಿಗುತ್ತದೆ, ಬಹಳ ಸಲ ತಾಯಿಯ ಹೆಸರೂ ಸಿಗುತ್ತದೆ. 1863ರ ಬಿಡುಗಡೆಯ ರಿಜಿಸ್ಟರಿನಲ್ಲಿ ಹೊಸ ಅಡ್ಡಹೆಸರು ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಜೋಡಿಸಬೇಕು. ಅದಕ್ಕೂ ಹಿಂದೆ, ಆಫ್ರಿಕಾದಿಂದ ಅವರನ್ನು ತಂದ ಹಡಗಿನ ಆಚೆಗೆ, ಒಬ್ಬೊಬ್ಬರ ಹೆಸರು ಹಿಡಿದು ಹೋಗುವುದು ಬಹುತೇಕ ಆಗುವುದಿಲ್ಲ. ಅದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ.

ನನಗೆ ಬರೆಯುವವರು ಇಷ್ಟು ಮಾಡಿ. ಅಜ್ಜ ಅಜ್ಜಿಯ ಮದುವೆ ಯಾವ ಊರಲ್ಲಿ, ಯಾವ ವರ್ಷ ಅಂತ ತಿಳಿಸಿ. ಮನೆಯಲ್ಲಿರುವ ಕಾಗದಗಳ ಫೋಟೊ ಕಳಿಸಿ, ಹಿಂದಿನ ಪುಟದ್ದೂ ಸೇರಿಸಿ. ಹೆಸರಿನ ಅರ್ಥ ಏನಂತ ನಿಮ್ಮ ಮನೆಯಲ್ಲಿ ಹೇಳುತ್ತಾರೋ ಅದನ್ನೂ ಬೇಕಾದರೆ ಬರೆಯಿರಿ, ಆದರೆ ಕೊನೆಯಲ್ಲಿ.